ರೂಮ್‌ಮೇಟ್ ಫೋನಿನ ವೈರಸ್ ವೈಫೈ, ಬ್ಲೂಟೂತ್‌ನಿಂದ ನಮ್ಮ ಫೋನಿಗೂ ಬರುತ್ತಾ?

ಧಾರವಾಡದ ಸಪ್ತಾಪುರದಲ್ಲಿ ಐದಾರು ಜನ ಒಂದೇ ರೂಮು, ಒಂದೇ ವೈಫೈ. ಒಬ್ಬನ ಫೋನಿಗೆ ಮದುವೆ ಕಾರ್ಡಿನ ಹೆಸರಲ್ಲಿ ವೈರಸ್ ಹೊಕ್ಕಿದೆ, ನಮಗೂ ಹರಡುತ್ತಾ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತೇನೆ. ಪಕ್ಕದಲ್ಲಿ ಇಟ್ಟ ಮಾತ್ರಕ್ಕೆ ಬರೋದು ತೀರಾ ಅಪರೂಪ. ಅವನ ನಂಬರಿನಿಂದ ಬರೋ ಮೆಸೇಜಿಗೆ ಮಾತ್ರ ನಿಜವಾಗಿ ಹೆದರಬೇಕು.

2004ರಲ್ಲಿ ಕ್ಯಾಬಿರ್ ಅನ್ನೋ ಫೋನ್ ವೈರಸ್ ಬಂತು. ನೋಕಿಯಾದಂಥ, ಸಿಂಬಿಯನ್ ಅನ್ನೋ ಆಗಿನ ಸಾಫ್ಟ್‌ವೇರ್ ಇದ್ದ ಫೋನುಗಳಲ್ಲಿ ಬ್ಲೂಟೂತ್ ಮೂಲಕ ಹರಡುತ್ತಿತ್ತು. ಅದೂ ಸುಮ್ನೆ ಒಳಗೆ ಬರುತ್ತಿರಲಿಲ್ಲ, 'ಮೆಸೇಜ್ ತೆಗೆದುಕೊಳ್ಳಲಾ?' ಅಂತ ಕೇಳುತ್ತಿತ್ತು. ಬೇಡ ಅಂದರೆ ಮತ್ತೆ ಕೇಳುತ್ತಿತ್ತು, ಮತ್ತೆ ಬೇಡ ಅಂದರೆ ಮತ್ತೆ. ಆ ಫೋನಿನಿಂದ ದೂರ ಹೋಗುವವರೆಗೂ ಇದೇ ಕಾಟ. ಬೇಸತ್ತು 'ಹೂಂ' ಒತ್ತಿದವರ ಫೋನಿಗೆ ಅಂಟುತ್ತಿತ್ತು. ಸದಾ ಬೇರೆ ಫೋನ್ ಹುಡುಕುತ್ತಿದ್ದುದರಿಂದ ಬ್ಯಾಟರಿ ಬೇಗ ಖಾಲಿ ಆಗುತ್ತಿತ್ತು.

ಯಾರೂ ಏನೂ ಒತ್ತದೆ ನುಗ್ಗುವ ದಾರಿಯೂ ಸಿಕ್ಕಿದೆ. 2017ರಲ್ಲಿ ಬ್ಲೂಬೋರ್ನ್ ಎಂಬ ದೋಷಗಳು ಬಯಲಾದವು. ಬ್ಲೂಟೂತ್ ಆನ್ ಇದ್ದರೆ ಸಾಕು, ಜೋಡಿಸುವ ಅಗತ್ಯವೇ ಇರಲಿಲ್ಲ. ಆಮೇಲೆ ಅಪ್‌ಡೇಟಿನಲ್ಲಿ ಸರಿಪಡಿಸಿದರು. ಅದಕ್ಕೇ ಅಪ್‌ಡೇಟ್ ನಿಂತುಹೋದ ಹಳೇ ಆಂಡ್ರಾಯ್ಡ್ ಇದ್ದರೆ ಬ್ಲೂಟೂತ್ ಬೇಕಾದಾಗ ಮಾತ್ರ ಹಾಕಿ.

ವೈಫೈ ವಿಚಾರದಲ್ಲಿ ಲ್ಯಾಪ್‌ಟಾಪ್ ಇದ್ದವರು ಜಾಸ್ತಿ ಹುಷಾರಾಗಿರಬೇಕು. ಎಮೋಟೆಟ್ ಅನ್ನೋ ವಿಂಡೋಸ್ ವೈರಸ್, ಸುತ್ತಲಿನ ವೈಫೈಗಳ ಪಾಸ್‌ವರ್ಡ್ ಊಹಿಸಿ ಒಳಗೆ ಜಿಗಿಯುತ್ತಿದ್ದದ್ದು 2020ರಲ್ಲಿ ಗೊತ್ತಾಯಿತು. ನಿಮ್ಮ ರೂಮಿನ ಪಾಸ್‌ವರ್ಡ್ 12345678 ಆಗಿದ್ದರೆ ಇವತ್ತೇ ಬದಲಿಸಿ.

ಈಗ ಆ ಮದುವೆ ಕಾರ್ಡು. ನನ್ನ ಅಂಗಡಿಗೆ ಇಂಥ ಫೋನ್ ತಂದವರು ಹೇಳೋದು ಒಂದೇ: 'ಏನೂ ಮಾಡಿಲ್ರಿ, ಲಗ್ನದ ಕಾರ್ಡ್ ಬಂದಿತ್ತು, ತೆಗೆದು ನೋಡಿದೆ ಅಷ್ಟ.' ಫೈಲಿನ ಹೆಸರು ನೋಡಿದರೆ ಕೊನೆಯಲ್ಲಿ ಎಪಿಕೆ ಅಂತ ಇರುತ್ತದೆ. ಅಂದರೆ ಅದು ಆ್ಯಪ್, ಫೋಟೋ ಅಲ್ಲ. ಇನ್‌ಸ್ಟಾಲ್ ಆಗುವಾಗ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿ ಕಳ್ಳರ ಕೈಗೆ. ಎಷ್ಟೋ ಸಲ ಐಕಾನ್ ಕೂಡ ಕಾಣಿಸೋದಿಲ್ಲ. ಆಮೇಲೆ ಅದೇ ಫೈಲು ಅವರ ಹೆಸರಲ್ಲೇ ಅಣ್ಣ, ಅತ್ತಿಗೆ, ಊರಿನ ಗ್ರೂಪು ಎಲ್ಲರಿಗೂ ಹೋಗುತ್ತದೆ. ಪರಿಚಯದವರೇ ಕಳಿಸಿದ್ದು ಅಂತ ಅವರೂ ಒತ್ತುತ್ತಾರೆ. ಹೊಲದ ದುಡ್ಡು, ಫೀಸಿನ ದುಡ್ಡು ಹೀಗೆ ಹೋದಾಗ ಹೊಟ್ಟೆ ಉರಿಯುತ್ತದೆ.

ನಿಮ್ಮ ಗೆಳೆಯ ಮೊದಲು ಏರೋಪ್ಲೇನ್ ಮೋಡ್ ಹಾಕಿ ವೈಫೈಯನ್ನೂ ಬಂದ್ ಮಾಡಲಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಲಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಫೋಟೋಗಳನ್ನು ತೆಗೆದಿಟ್ಟುಕೊಂಡು ಫೋನ್ ಪೂರ್ತಿ ರೀಸೆಟ್ ಮಾಡಿಸೋದೇ ಒಳ್ಳೇದು. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಗೊತ್ತಿಲ್ಲದ್ದೇನಾದರೂ ಇದ್ದರೆ ತೆಗೆದುಹಾಕಿ. ನೀವೆಲ್ಲ ಅವನ ಮನೆಯವರಿಗೆ ಇವತ್ತೇ ಕರೆ ಮಾಡಿ, ಅವನ ನಂಬರಿನಿಂದ ಬಂದ ಕಾರ್ಡ್ ತೆರೆಯಬೇಡಿ ಅಂತ ಬಾಯಲ್ಲೇ ಹೇಳಿ.