ಸಿಇಟಿ ಎರಡನೇ ಸುತ್ತಿಗೆ ಕಾಯುವಾಗ ಸೀಟಿನ ಚಾನ್ಸ್ ಹೆಚ್ಚಿಸಿಕೊಳ್ಳೋದು ಹೇಗೆ?

ಪ್ರಶ್ನೆ: ಮಗಳಿಗೆ ಸಿಇಟಿ ಮೊದಲ ಸುತ್ತಿನಲ್ಲಿ ದಾವಣಗೆರೆಯಲ್ಲಿ ಸಿವಿಲ್ ಸಿಕ್ಕಿದೆ. ಅವಳಿಗೆ ಕಂಪ್ಯೂಟರ್ ಸೈನ್ಸೇ ಬೇಕಂತೆ. ಎರಡನೇ ಸುತ್ತಿಗೆ ಕಾಯೋದಾ? ಕಾಯೋದಾದ್ರೆ ಸೀಟು ಸಿಗೋಕೆ ನಾವು ಏನಾದ್ರೂ ಮಾಡಬಹುದಾ?

ಉತ್ತರ:

ಕಾಯಿರಿ. ಆದರೆ ಈಗ ಸಿಕ್ಕಿರುವ ಸೀಟನ್ನು ಬಿಟ್ಟುಕೊಟ್ಟು ಕಾಯಬೇಡಿ. ನಾನು ಚಿತ್ರದುರ್ಗದಲ್ಲಿ ಪಿಯು ಉಪನ್ಯಾಸಕ. ಪ್ರತಿ ವರ್ಷ ಸೀಟು ಹಂಚಿಕೆಯ ಹೊತ್ತಿಗೆ ಮಕ್ಕಳು, ತಂದೆ-ತಾಯಿ ಆಪ್ಷನ್ ಪಟ್ಟಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆದ ಪಟ್ಟಿ) ಹಿಡಿದುಕೊಂಡು ಬರುತ್ತಾರೆ. ನಿಮ್ಮ ಪ್ರಶ್ನೆಯನ್ನೇ ಹೆಚ್ಚಿನವರು ಕೇಳುವುದು.

ಮೊದಲು ಚಾಯ್ಸ್ ವಿಷಯ ಹೇಳಿಬಿಡುತ್ತೇನೆ. ಚಾಯ್ಸ್-1 ಅಂದ್ರೆ ಈ ಸೀಟೇ ಸಾಕು, ಶುಲ್ಕ ಕಟ್ಟಿ ಸೇರುತ್ತೇವೆ ಅಂತ. ಚಾಯ್ಸ್-2 ಅಂದ್ರೆ ಇದು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದ್ದು ಸಿಕ್ಕರೆ ಅದಕ್ಕೆ ಹೋಗುತ್ತೇವೆ ಅಂತ. ಚಾಯ್ಸ್-3 ತೆಗೆದುಕೊಂಡರೆ ಈಗಿನ ಸೀಟು ಕೈಬಿಟ್ಟ ಹಾಗೆ, ಮುಂದಿನ ಸುತ್ತು ಮಾತ್ರ ಉಳಿಯುತ್ತದೆ. ಚಾಯ್ಸ್-4 ಅಂದ್ರೆ ಸಿಇಟಿ ಸೀಟೇ ಬೇಡ ಅಂತ. ನಿಮ್ಮ ಮಗಳಿಗೆ ಚಾಯ್ಸ್-2 ಸರಿ. ಸಿವಿಲ್ ಕೊಟ್ಟರೂ ಓದೋದೇ ಇಲ್ಲ ಅಂತ ಅವಳು ಗಟ್ಟಿಯಾಗಿ ಹೇಳಿದರೆ ಮಾತ್ರ ಚಾಯ್ಸ್-3 ಬಗ್ಗೆ ಯೋಚಿಸಿ. ಶುಲ್ಕ ಯಾವಾಗ ಕಟ್ಟಬೇಕು ಅನ್ನೋದು ಕೆಇಎ (ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆ ವರ್ಷ ಕೊಡುವ ಸೂಚನೆಯಲ್ಲಿ ಇರುತ್ತದೆ. ಅದನ್ನು ಓದಿ ದುಡ್ಡು ರೆಡಿ ಇಟ್ಟುಕೊಳ್ಳಿ. ಕೊನೇ ದಿನ ಸಂಜೆ ಬ್ಯಾಂಕು, ಸರ್ವರ್ ಅಂತ ಓಡಾಡುವ ಹಾಗೆ ಆಗಬಾರದು.

ಎರಡನೇ ಸುತ್ತಿನಲ್ಲಿ ಸೀಟು ಎಲ್ಲಿಂದ ಬರುತ್ತೆ ಅಂತ ಕೇಳಬಹುದು. ಮೇಲಿನ ರ‍್ಯಾಂಕಿನವರಲ್ಲಿ ಕೆಲವರಿಗೆ ನೀಟ್‌ನಲ್ಲಿ ಮೆಡಿಕಲ್ ಸಿಗುತ್ತದೆ. ಕೆಲವರು ಜೆಇಇ ಮೂಲಕ ಎನ್‌ಐಟಿಗೆ, ಇನ್ನು ಕೆಲವರು ಖಾಸಗಿ ಕಾಲೇಜುಗಳ ಕಾಮೆಡ್-ಕೆ ಸೀಟಿಗೆ ಹೋಗುತ್ತಾರೆ. ಶುಲ್ಕ ಕಟ್ಟದೆ ಬಿಟ್ಟವರೂ ಇರುತ್ತಾರೆ. ಹಾಗೆ ಒಂದು ಸೀಟು ಖಾಲಿಯಾದರೆ ಕೆಳಗಿನವರು ಮೇಲೆ ಹೋಗುತ್ತಾರೆ, ಅವರು ಬಿಟ್ಟ ಸೀಟು ಇನ್ನೊಬ್ಬರಿಗೆ ಬರುತ್ತದೆ. ಅದಕ್ಕೇ ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್-ಆಫ್ (ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತು ಅನ್ನೋದು) ನೋಡುವಾಗ ಮೊದಲ ಸುತ್ತು, ಎರಡನೇ ಸುತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಕೆಟಗರಿಯ ಸಾಲನ್ನೇ ನೋಡಿ. 2ಎ ಆದರೆ 2ಎಜಿ, 2ಎಆರ್, 2ಎಕೆ ಅಂತ ಮೂರು ಇರುತ್ತವೆ. ಜಿ ಅಂದ್ರೆ ಆ ಕೆಟಗರಿಯ ಸಾಮಾನ್ಯ ಸಾಲು, ಆರ್ ಅಂದ್ರೆ ಗ್ರಾಮೀಣ, ಕೆ ಅಂದ್ರೆ ಕನ್ನಡ ಮಾಧ್ಯಮ. ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಮಕ್ಕಳೂ ಬರೀ ಜಿ ಸಾಲು ನೋಡಿ ಬೇಜಾರಾಗಿ ಕೂತಿರುತ್ತಾರೆ. ದಾಖಲೆ ಪರಿಶೀಲನೆಯ ವೆರಿಫಿಕೇಶನ್ ಸ್ಲಿಪ್ ತೆಗೆದು, ಮಗಳಿಗೆ ಈ ಮೀಸಲಾತಿಗಳು ಬಂದಿವೆಯಾ ಅಂತ ಇವತ್ತೇ ನೋಡಿ.

ಈಗ ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ಬರೋಣ. ಸೀಟು ಹಂಚುವ ಕಂಪ್ಯೂಟರ್, ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಆಪ್ಷನ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಹಾಗಾಗಿ ಕಾಲೇಜಿಗೆ ಫೋನ್ ಮಾಡಿದರೆ, ಶಾಸಕರ ಪತ್ರ ತಂದರೆ ಏನೂ ಆಗಲ್ಲ. ನಿಮ್ಮ ಹತ್ತಿರ ಇರುವುದು ಪಟ್ಟಿಯ ಕ್ರಮ ಒಂದೇ. ‘ದಾವಣಗೆರೆಯ ಯುಬಿಡಿಟಿ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಎಲ್ಲಿ ಸಿಗುತ್ತೆ, ಮೇಲೆ ಹಾಕಿದ್ರೆ ವೇಸ್ಟ್’ ಅನ್ನುವವರಿದ್ದಾರೆ. ವೇಸ್ಟ್ ಏನೂ ಆಗಲ್ಲ. ಸಿಗದಿದ್ದರೆ ಕಂಪ್ಯೂಟರ್ ಮುಂದಿನ ಸಾಲಿಗೆ ಹೋಗುತ್ತದೆ ಅಷ್ಟೇ. ನಿಜವಾಗಿ ಯಾವುದು ಹೆಚ್ಚು ಇಷ್ಟವೋ ಅದೇ ಕ್ರಮದಲ್ಲಿ ಇರಲಿ.

ಅಪಾಯ ಇರುವುದು ಇನ್ನೊಂದು ಕಡೆ. ಚಾಯ್ಸ್-2 ಕೊಟ್ಟ ಮೇಲೆ ಮೇಲಿನ ಯಾವ ಆಪ್ಷನ್ ಸಿಕ್ಕರೂ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ. ಭರಮಸಾಗರದ ಕಡೆಯ ಒಂದು ಹುಡುಗಿಗೆ ಮೊದಲ ಸುತ್ತಿನಲ್ಲಿ ದಾವಣಗೆರೆಯಲ್ಲೇ ಎಲೆಕ್ಟ್ರಾನಿಕ್ಸ್ ಸಿಕ್ಕಿತ್ತು. ಮನೆಯಿಂದ ದಿನಾ ಬಸ್ಸಲ್ಲಿ ಓಡಾಡಬಹುದಿತ್ತು. ಗೆಳತಿ ಹೇಳಿದಳು ಅಂತ ಸೇರಿಸಿದ್ದ ಬೆಂಗಳೂರಿನ ಒಂದು ಕಾಲೇಜು ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಹಾಗೇ ಉಳಿದಿತ್ತು. ಎರಡನೇ ಸುತ್ತಿನಲ್ಲಿ ಅದು ಬಂತು, ಇದು ಹೋಯಿತು. ಪಿಜಿಯಲ್ಲಿ (ಪೇಯಿಂಗ್ ಗೆಸ್ಟ್) ಇರುವ ಖರ್ಚು ಲೆಕ್ಕ ಹಾಕಿದರೆ ಆ ಮನೆಯಿಂದ ಆಗುವ ಮಾತಲ್ಲ. ‘ಹಳೇದನ್ನೇ ಕೊಡಿಸಿ ಸರ್’ ಅಂತ ಅವರಪ್ಪ ಕೇಳಿದರು. ಕೊಡಿಸೋಕೆ ದಾರಿಯೇ ಇರಲಿಲ್ಲ. ಇವತ್ತಿಗೂ ಅದು ನನಗೆ ಸಂಕಟ.

ಎರಡನೇ ಸುತ್ತಿಗೆ ಮುಂಚೆ ಆಪ್ಷನ್ ತಿದ್ದಲು ಕೆಇಎ ಸಮಯ ಕೊಡುತ್ತದೆ. ಸಾಮಾನ್ಯವಾಗಿ ಹೊಸದನ್ನು ಸೇರಿಸೋಕೆ ಬಿಡಲ್ಲ, ಕ್ರಮ ಬದಲಿಸಬಹುದು, ಬೇಡದ್ದನ್ನು ತೆಗೆಯಬಹುದು. ಆ ದಿನ ಮಗಳ ಜೊತೆ ಕೂತು, ಸಿವಿಲ್ ಸೀಟಿಗಿಂತ ಮೇಲಿರುವ ಒಂದೊಂದು ಸಾಲಿಗೂ ಕೇಳಿ: ನಾಳೆ ಇದೇ ಬಂದರೆ ಖುಷಿಯಿಂದ ಹೋಗ್ತೀಯಾ? ನಮ್ಮ ಕೈಲಿ ಕಳಿಸೋಕೆ ಆಗುತ್ತಾ? ಎರಡರಲ್ಲಿ ಒಂದಕ್ಕೆ ‘ಇಲ್ಲ’ ಅಂತ ಬಂದರೂ ಆ ಸಾಲನ್ನು ತೆಗೆದುಬಿಡಿ. ಆಪ್ಷನ್ ಎದುರಿನ ಶುಲ್ಕವನ್ನೂ ನೋಡಿ, ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ಶುಲ್ಕದ ಸೀಟುಗಳು ಇರಬಹುದು.

ಲಾಗಿನ್, ಪಾಸ್‌ವರ್ಡ್, ಓಟಿಪಿ ಯಾರಿಗೂ ಕೊಡಬೇಡಿ. ‘ಎರಡನೇ ಸುತ್ತಿನಲ್ಲಿ ಮಾಡಿಸಿಕೊಡ್ತೀನಿ’ ಅಂತ ಬರುವವರನ್ನು ಬಾಗಿಲಲ್ಲೇ ಕಳಿಸಿ. 2024ರಲ್ಲಿ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವ ದಂಧೆ) ಬಗ್ಗೆ ಕೆಇಎ ದೂರು ಕೊಟ್ಟು, ಪೊಲೀಸರು ಹಲವರನ್ನು ಬಂಧಿಸಿದ್ದರು. ಸೈಬರ್ ಸೆಂಟರಿನಲ್ಲಿ ತುಂಬಿಸಿದರೂ ಮಗಳೇ ಕೀಬೋರ್ಡ್ ಮುಂದೆ ಕೂರಲಿ. ಸೇವ್ ಆದ ಪಟ್ಟಿಯ ಪ್ರಿಂಟ್ ತೆಗೆದುಕೊಂಡೇ ಅಲ್ಲಿಂದ ಏಳಿ.

ಎರಡನೇ ಸುತ್ತಿನಲ್ಲೂ ಸಿಗದಿದ್ದರೆ? ಸೀಟು ಉಳಿದರೆ ಅದಾದ ಮೇಲೆ ಇನ್ನೊಂದು ಸುತ್ತು ನಡೆಸುವುದುಂಟು. ಅದಕ್ಕೆ ಯಾರು ಅರ್ಹರು ಅಂತ ಸೂಚನೆಯಲ್ಲಿ ನೋಡಿ. ಸಿವಿಲ್‌ಗೇ ಸೇರಿದರೂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಮೂರನೇ ಸೆಮಿಸ್ಟರ್ ಹೊತ್ತಿಗೆ, ಖಾಲಿ ಸೀಟಿದ್ದರೆ, ಅಂಕ ನೋಡಿ ಬ್ರಾಂಚ್ ಬದಲಿಸಿಕೊಡುತ್ತಾರೆ. ಅದನ್ನೇ ನೆಚ್ಚಿಕೊಂಡು ಸೇರಬೇಡಿ, ಆದರೆ ಮಗಳಿಗೆ ಗೊತ್ತಿರಲಿ. ಮೊದಲ ವರ್ಷ ಚೆನ್ನಾಗಿ ಓದೋಕೆ ಒಂದು ಕಾರಣ ಸಿಗುತ್ತದೆ.

ಮಗಳ ರ‍್ಯಾಂಕ್, ಕೆಟಗರಿ, ಸಿವಿಲ್‌ಗಿಂತ ಮೇಲಿರುವ ಆಪ್ಷನ್‌ಗಳನ್ನು ಇಲ್ಲೇ ಬರೆಯಿರಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆಯಬೇಕು ಅಂತ ಕೂತು ನೋಡಿ ಹೇಳುತ್ತೇನೆ. ಹೆಸರು, ಸಿಇಟಿ ನಂಬರ್ ಮಾತ್ರ ಹಾಕಬೇಡಿ.