ಗೋಡೆ ಅವರದು, ಮೇಜು ನಮ್ಮದು

ನಿನ್ನ ಪತ್ರ ಓದಿದೆ. ಮಾರ್ಚ್‌ನಲ್ಲಿ ದಾವಣಗೆರೆಯಿಂದ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ಗೆ ಬಂದಿದ್ದೀಯ. ಎರಡು ಬೆಡ್‌ರೂಮಿನ ಬಾಡಿಗೆ ಅಪಾರ್ಟ್‌ಮೆಂಟು, ಒಂದು ಹಾಸಿಗೆ, ಎರಡು ಮಡಚೋ ಕುರ್ಚಿ, ಎರಡು ವರ್ಷದ ಮಗು. ಹಾಲ್‌ನಲ್ಲಿ ಮಾತಾಡಿದರೆ ನಮ್ಮ ಮಾತೇ ವಾಪಸ್ ಬರುತ್ತೆ ಅಂತ ಬರೆದಿದ್ದೀಯ. ಹೊಸ ಸಾಮಾನು ತಗೊಳ್ಳೋಣ ಅಂದರೆ ಯಜಮಾನರು "ಎರಡು ಮೂರು ವರ್ಷ ಇರೋರಿಗೆ ಯಾಕೆ" ಅಂತಾರೆ. ಹಳೇದು ತರೋಣ ಅಂದರೆ ದಸರಾಕ್ಕೆ ಬರೋ ಅತ್ತೆ "ಯಾರೋ ಸತ್ತವರ ಸಾಮಾನು ಮನೆಗೆ ಬೇಡ" ಅಂತ ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ. "ನೀವೆಲ್ಲ ಹೇಗೆ ಮನೆ ಮಾಡಿಕೊಂಡ್ರಿ ಅಕ್ಕಾ?" ಅಂತ ಕೇಳಿದ್ದೀಯ. ಅಕ್ಕಾ ಅಂದ ಮೇಲೆ ಏಕವಚನದಲ್ಲೇ ಬರೀತೀನಿ, ಬೇಜಾರಿಲ್ಲ ತಾನೆ?

ಆ "ಎರಡು ಮೂರು ವರ್ಷ" ಅನ್ನೋದನ್ನ ನಾನೂ ಕೇಳಿದ್ದೆ. 2006ರಲ್ಲಿ ಮೈಸೂರಿನಿಂದ ಬಂದಾಗ ನಮ್ಮನೆಯವರದ್ದೂ ಅದೇ ಮಾತು. ನಾಲ್ಕು ವರ್ಷ ನಮ್ಮ ಟೀವಿ ಅದು ಬಂದ ಡಬ್ಬದ ಮೇಲೇ ಕೂತಿತ್ತು. ಊಟದ ಮೇಜು ಅಂದರೆ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಹಳೇ ಪಂಚೆ. ಯಾರಾದರೂ ಬರ್ತೀವಿ ಅಂದರೆ ನಾನೇ ಏನಾದರೂ ನೆಪ ಹೇಳಿ ಅವರ ಮನೆಗೆ ಹೋಗ್ತಿದ್ದೆ. ಈಗ ಲೆಕ್ಕ ಹಾಕಿದರೆ ನಾವು ವಾಪಸ್ ಹೋಗೋ ಎರಡು ಮೂರು ವರ್ಷ ಇನ್ನೂ ಮುಗಿದಿಲ್ಲ. ಆದ್ದರಿಂದ ನಿನಗೆ ನನ್ನ ಉತ್ತರ ಒಂದೇ: ಇರೋ ದಿನ ಎಷ್ಟಾದರೂ ಆಗಲಿ, ಈ ತಿಂಗಳೇ ಒಂದು ಮೇಜಿನಿಂದ ಶುರು ಮಾಡು.

ಗೋಡೆಯಿಂದ ಮಾತ್ರ ಶುರು ಮಾಡಬೇಡ. 2007ರಲ್ಲಿ ನಾನು ಯಾರನ್ನೂ ಕೇಳದೆ ಅಡುಗೆಮನೆ ಗೋಡೆಗೆ ಅರಿಶಿನ ಬಣ್ಣ ಬಳಿದೆ. ಊರಲ್ಲಿ ನಮ್ಮಜ್ಜಿ ಮನೆ ನಡುಮನೆಯ ಬಣ್ಣ ಅದು. ಮನೆ ಬಿಡುವಾಗ ಮನೆ ಮಾಲೀಕರು ಡಿಪಾಸಿಟ್‌ನಲ್ಲಿ 300 ಡಾಲರ್ ಹಿಡಿದುಕೊಂಡರು. ಗೋಡೆ ಅವರದು ಕಣಮ್ಮ. ನಿನ್ನ ಬಣ್ಣದ ಆಸೆಯನ್ನೆಲ್ಲ ಮೇಜು, ಕುರ್ಚಿ, ಕಪಾಟಿನ ಮೇಲೆ ತೀರಿಸಿಕೋ. ಮನೆ ಬದಲಿಸಿದಾಗ ಅವು ನಿನ್ನ ಜೊತೆ ಬರ್ತವೆ.

ಇನ್ನು ಅತ್ತೆಯ ಮಾತು. ಇದನ್ನ ನಗೆಯಾಡಿ ತಳ್ಳಿಹಾಕಬೇಡ. ನಮ್ಮಮ್ಮನೂ ಮೊದಲ ಸಲ ಬಂದಾಗ ನಾನು ತಂದಿದ್ದ ಹಳೇ ಕಪಾಟನ್ನ ಮುಟ್ಟಲಿಲ್ಲ. ಇಲ್ಲಿ ಎಸ್ಟೇಟ್ ಸೇಲ್ ಅಂತ ನಡೆಯುತ್ತೆ. ವಯಸ್ಸಾದವರು ತೀರಿಕೊಂಡ ಮೇಲೋ, ಆರೈಕೆಯ ಮನೆಗೆ ಹೋದ ಮೇಲೋ ಇಡೀ ಮನೆಯ ಬಾಗಿಲು ತೆಗೆದು, ಚಮಚದಿಂದ ಹಿಡಿದು ಮಂಚದವರೆಗೆ ಬೆಲೆ ಚೀಟಿ ಅಂಟಿಸಿರ್ತಾರೆ. ನಾನು ಮೊದಲ ಸಲ ಹೋದಾಗ ಯಾರದ್ದೋ ಹೊಲಿಗೆ ಪೆಟ್ಟಿಗೆಯ ಮುಚ್ಚಳ ತೆಗೆದೆ. ಒಳಗೆ ಸೂಜಿಗೆ ದಾರ ಪೋಣಿಸಿದ್ದು ಹಾಗೇ ಇತ್ತು. ಮುಚ್ಚಿಟ್ಟು ಏನೂ ಕೊಳ್ಳದೆ ವಾಪಸ್ ಬಂದುಬಿಟ್ಟೆ. ಹಾಗಾಗಿ ನಿನ್ನ ಅತ್ತೆ ಹೇಳೋದು ನನಗೆ ಅರ್ಥ ಆಗುತ್ತೆ.

ಆದರೆ ನಮ್ಮಮ್ಮನ ಹತ್ತಿರ ನಾನು ಒಂದು ಮಾತು ಕೇಳಿದೆ: ನಾನು ಮಲಗಿದ ತೊಟ್ಟಿಲಲ್ಲಿ ನನಗಿಂತ ಮುಂಚೆ ಎಷ್ಟು ಮಕ್ಕಳು ಮಲಗಿದ್ದರು? ಅಜ್ಜಿಯ ಒರಳು ಯಾರದ್ದು? ನಾವು ಹಳೇ ಸೀರೆ ಕೊಟ್ಟು ಬೀದಿಯಲ್ಲಿ ಪಾತ್ರೆ ತಗೊಳ್ತಿದ್ದೆವಲ್ಲ, ಆ ಸೀರೆ ಯಾರೋ ಉಟ್ಟಿರಲ್ಲವಾ? ಅಮ್ಮ ಉತ್ತರ ಕೊಡಲಿಲ್ಲ. ಮಾರನೇ ದಿನ ಒಂದು ಚೊಂಬಿನಲ್ಲಿ ಅರಿಶಿನ ನೀರು ತಂದು ಕಪಾಟಿನ ನಾಲ್ಕು ಮೂಲೆಗೂ ಚಿಮುಕಿಸಿ, ಎರಡು ದಿನ ಬಾಲ್ಕನಿಯ ಬಿಸಿಲಿಗೆ ಇಡಿಸಿದರು. ಮೂರನೇ ದಿನ ತಮ್ಮ ಸೀರೆ ಅದರೊಳಗೆ ಜೋಡಿಸಿಕೊಂಡರು. ನಿನ್ನ ಮನೆಯಲ್ಲೂ ಆ ಅರಿಶಿನದ ನೀರನ್ನ ಅತ್ತೆ ಕೈಲೇ ಹಾಕಿಸು. ಎಸ್ಟೇಟ್ ಸೇಲ್ ಬೇಡವೇ ಬೇಡ ಅಂದರೆ ಗುಡ್‌ವಿಲ್ ಅಂಗಡಿಗೆ ಹೋಗು, ಅಲ್ಲಿರೋದು ಜನ ದಾನ ಕೊಟ್ಟ ಸಾಮಾನು. 1902ರಲ್ಲಿ ಬಾಸ್ಟನ್‌ನಲ್ಲಿ ಎಡ್ಗರ್ ಹೆಲ್ಮ್ಸ್ ಅನ್ನೋ ಪಾದ್ರಿ ಶುರು ಮಾಡಿದ್ದು. ಉಳ್ಳವರ ಮನೆಯ ಹಳೇ ಸಾಮಾನು ತಂದು, ಬಡವರ ಕೈಲಿ ರಿಪೇರಿ ಮಾಡಿಸಿ, ಅವರಿಗೆ ಕೂಲಿ ಕೊಡ್ತಿದ್ದರು. ಈಗಲೂ ಮಾರಿ ಬಂದ ದುಡ್ಡಿನಲ್ಲಿ ಕೆಲಸ ಕಲಿಸ್ತಾರೆ. ಇದನ್ನ ಹೇಳಿದರೆ ಹಿರಿಯರಿಗೆ ಸ್ವಲ್ಪ ಸಮಾಧಾನ.

ಎಲ್ಲಿ ಏನು ಸಿಗುತ್ತೆ ಅಂತ ಕೇಳಿದ್ದೀಯಲ್ಲ. ಗುಡ್‌ವಿಲ್‌ನ ಬಹಳಷ್ಟು ಅಂಗಡಿಗಳಲ್ಲಿ ಚೀಟಿಗೆ ಬಣ್ಣ ಇರುತ್ತೆ, ವಾರಕ್ಕೊಂದು ಬಣ್ಣದ ಚೀಟಿಗೆ ರಿಯಾಯಿತಿ. ಬಡವರಿಗೆ ಮನೆ ಕಟ್ಟಿಕೊಡೋ ಹ್ಯಾಬಿಟಾಟ್ ಸಂಸ್ಥೆಯವರ ರೀಸ್ಟೋರ್ ಅಂಗಡಿಯಲ್ಲಿ ದೊಡ್ಡ ಮರದ ಸಾಮಾನು, ಬಾಗಿಲ ಹಿಡಿ, ಕೀಲು ಎಲ್ಲ ಸಿಗುತ್ತೆ. ಬೇಸಿಗೆ ಶನಿವಾರ ಬೆಳಿಗ್ಗೆ ಗರಾಜ್ ಸೇಲ್, ಅಂದರೆ ಜನ ತಮ್ಮ ಮನೆ ಮುಂದೆಯೇ ಹಳೇ ಸಾಮಾನು ಮಾರೋದು. ಆಗಸ್ಟ್ ಹತ್ತಿರ ಓಹಾಯೋ ಸ್ಟೇಟ್ ಯೂನಿವರ್ಸಿಟಿ ಸುತ್ತಲಿನ ಬೀದಿಗಳಲ್ಲಿ ಹುಡುಗರ ಬಾಡಿಗೆ ಕರಾರು ಮುಗಿಯುತ್ತೆ, ಮೇಜು ಕುರ್ಚಿಗಳನ್ನ ರಸ್ತೆ ಬದಿ ಇಟ್ಟು ಹೋಗ್ತಾರೆ. ಬಿಟ್ಟಿ. ನಾನೂ ತಂದಿದ್ದೀನಿ, ನಾಚಿಕೆ ಏನಿಲ್ಲ.

ಸೋಫಾ, ಹಾಸಿಗೆ, ದಿಂಬು ಮಾತ್ರ ಎಷ್ಟೇ ಚೆನ್ನಾಗಿದ್ದರೂ ಮುಟ್ಟಬೇಡ. ತಿಗಣೆ. ಇಲ್ಲಿ ತಿಗಣೆ ಹೊಕ್ಕರೆ ಓಡಿಸೋಕೆ ಸಾವಿರಾರು ಡಾಲರ್ ಆಗಬಹುದು. ಮರದ ಸಾಮಾನೇ ಆದರೂ ಟಾರ್ಚ್ ಹಾಕಿ ಸಂದಿಗೊಂದಿ, ಮೊಳೆ ತೂತು ನೋಡಿಕೊಂಡೇ ಒಳಗೆ ತಗೋ. ಡ್ರಾಯರ್ ಎಳೆದು ಮೂಲೆ ನೋಡು. ಎರಡು ಹಲಗೆ ಬೆರಳಿಗೆ ಬೆರಳು ಹೆಣೆದ ಹಾಗೆ ಕೂಡಿದ್ದರೆ ಸಾಮಾನ್ಯವಾಗಿ ಗಟ್ಟಿ ಮರ. ಬರೀ ಸ್ಟೇಪ್ಲರ್ ಪಿನ್ನು, ಅಂಚಿನಲ್ಲಿ ಒತ್ತಿದ ಮರದ ಪುಡಿ ಕಂಡರೆ ಬಿಟ್ಟು ಬಾ, ನೀರು ಬಿದ್ದರೆ ಅದು ರವೆ ಇಡ್ಲಿ ಥರ ಉಬ್ಬುತ್ತೆ.

ಮಗು ಇದೆ ಅಂದೆಯಲ್ಲ, ಇದನ್ನ ಎರಡು ಸಲ ಓದು. ಈ ದೇಶದಲ್ಲಿ ಮನೆ ಬಳಕೆಯ ಪೇಂಟಿನಲ್ಲಿ ಸೀಸ ಹಾಕೋದನ್ನ ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಳೇದು ಅನ್ನಿಸೋ, ಆಗಲೇ ಬಣ್ಣ ಬಳಿದಿರೋ ಸಾಮಾನನ್ನ ಉಜ್ಜಬೇಡ, ತರಲೇಬೇಡ. ಆ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಒಂದು ಕಡೆ ಕೆಳಗಿಳಿಯೋ ಹಳೇ ತೊಟ್ಟಿಲ ಮಂಚಗಳ ಮಾರಾಟವನ್ನ 2011ರಲ್ಲಿ ನಿಲ್ಲಿಸಿದ್ದಾರೆ, ಗರಾಜ್ ಸೇಲ್‌ನಲ್ಲಿ ಕಂಡರೂ ಬೇಡ. ಡ್ರಾಯರ್ ಇರೋ ಕಪಾಟನ್ನ ಪಟ್ಟಿ ಹಾಕಿ ಗೋಡೆಗೆ ಬಿಗಿದುಬಿಡು, ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲ ಥರ ಹತ್ತುತ್ತವೆ. ಆ ಒಂದು ತೂತಿಗೆ ಮನೆ ಮಾಲೀಕರು ದುಡ್ಡು ಹಿಡಿದರೆ ಹಿಡಿಯಲಿ.

ಈಗ ಬಣ್ಣ. ಹೋಮ್ ಡಿಪೋ ಥರದ ಅಂಗಡಿಗಳಲ್ಲಿ ಯಾರೋ ಬೆರೆಸಿಸಿ ಬಣ್ಣ ಸರಿ ಬರಲಿಲ್ಲ ಅಂತ ಬಿಟ್ಟುಹೋದ ಡಬ್ಬಗಳನ್ನ ಕಡಿಮೆ ಬೆಲೆಗೆ ಒಂದು ಮೂಲೆಯಲ್ಲಿ ಇಟ್ಟಿರ್ತಾರೆ. ನಮ್ಮನೆಯ ನವಿಲು ನೀಲಿ ಕಪಾಟು ಯಾರದ್ದೋ ತಪ್ಪು. ನನ್ನ ಮೊದಲ ತಪ್ಪು ಬೇರೆ ಥರದ್ದು. 25 ಡಾಲರ್‌ಗೆ ಒಂದು ಕೆಂಪು ಮರದ ಡ್ರೆಸ್ಸರ್ ತಂದು, ಸೋಪಿನ ನೀರಲ್ಲೂ ಒರೆಸದೆ ನೇರ ಬಿಳಿ ಪೇಂಟ್ ಹೊಡೆದೆ. ಸಂಜೆಗೆ ಮಲ್ಲಿಗೆ ಹೂವಿನ ಹಾಗಿತ್ತು. ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ಓಕುಳಿ ಎರಚಿದ ಹಾಗೆ ಗುಲಾಬಿ ಕಲೆ. ಮತ್ತೊಂದು ಕೈ ಹೊಡೆದೆ, ಮತ್ತೆ ಕಲೆ. ಮೂರು ಕೈ ಆದಮೇಲೆ ಅಂಗಡಿಯ ಮುದುಕರೊಬ್ಬರು ಹೇಳಿದರು, ಮಹೋಗನಿಯಂಥ ಮರ ತನ್ನ ಬಣ್ಣ ಕಕ್ಕುತ್ತೆ, ಪೇಂಟಿಗೆ ಮುಂಚೆ ಶೆಲ್ಯಾಕ್ ಪ್ರೈಮರ್ ಹಾಕಬೇಕು ಅಂತ.

ಶೆಲ್ಯಾಕ್ ಅಂದರೆ ಏನು ಅಂತ ಹುಡುಕಿದರೆ ನಮ್ಮ ಅರಗು! ಕೊಂಬೆಗಳ ಮೇಲೆ ಪುಟ್ಟ ಹುಳುಗಳು ಸುರಿಸೋ ಅಂಟು. ಚನ್ನಪಟ್ಟಣದ ಬೊಂಬೆಗೆ ಹೊಳಪು ಬರೋದು ಅದರಿಂದಲೇ, ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಚಿಕ್ಕಂದಿನಲ್ಲಿ ಬೆಂಗಳೂರು ಬಸ್ಸಿನ ಕಿಟಕಿಯಿಂದ ಆ ಅಂಗಡಿಗಳನ್ನ ನೋಡ್ತಾ ಹೋದವಳಿಗೆ ಅರಗಿನ ಡಬ್ಬ ಸಿಕ್ಕಿದ್ದು ಓಹಾಯೋದಲ್ಲಿ. ಅದರಲ್ಲಿ ಸ್ಪಿರಿಟ್ ಇರುತ್ತೆ, ಕಿಟಕಿ ತೆಗೆದಿಟ್ಟು ಹಚ್ಚು, ಒಲೆ ಹತ್ತಿರ ಬೇಡ. ಅರಗಿನ ಮನೆ ಕಥೆ ಗೊತ್ತಲ್ಲ.

ಕ್ರಮ ಇಷ್ಟೇ: ಪಾತ್ರೆ ಸೋಪಿನಿಂದ ಜಿಡ್ಡು ತೊಳಿ, ಒಣಗಿಸು, 150 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ಹೋಗೋವಷ್ಟು ಉಜ್ಜು, ಧೂಳು ಒರೆಸಿ ಪ್ರೈಮರ್ ಹಚ್ಚು, ಆಮೇಲೆ ತೆಳ್ಳಗೆ ಎರಡು ಕೈ ಬಣ್ಣ. ನೀರಿನ ಪೇಂಟು ಎರಡು ಗಂಟೆಯಲ್ಲಿ ಒಣಗಿದ ಹಾಗೆ ಕಾಣುತ್ತೆ, ಆದರೆ ಪೂರ್ತಿ ಗಟ್ಟಿಯಾಗೋಕೆ ಮೂರು ನಾಲ್ಕು ವಾರ ಬೇಕು. ನಾನು ಎರಡನೇ ದಿನವೇ ದೀಪದ ಕಂಬ ಇಟ್ಟೆ, ಎತ್ತುವಾಗ ಬಣ್ಣದ ಸಿಪ್ಪೆಯೂ ಜೊತೆಗೆ ಎದ್ದು ಬಂತು. ಬಾಲ್ಕನಿಯಲ್ಲಿ ಮಾಡೋದಾದರೆ ಸೆಪ್ಟೆಂಬರ್ ಒಳಗೆ ಮುಗಿಸು. 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಚಳಿ ಆದರೆ ಪೇಂಟು ಸರಿಯಾಗಿ ಕೂರಲ್ಲ.

ಅತ್ತೆ ಬರೋದು ದಸರಾಕ್ಕೆ ಅಂದೆಯಲ್ಲ, ಅದು ಅದೃಷ್ಟ. ಇಲ್ಲಿ ಎಲೆ ಕೆಂಪಾಗೋ ಕಾಲಕ್ಕೂ ನಮ್ಮ ಗೊಂಬೆ ಹಬ್ಬಕ್ಕೂ ಹೆಚ್ಚೂಕಡಿಮೆ ಒಂದೇ ಮುಹೂರ್ತ. ನನ್ನ ಗೊಂಬೆ ಮೆಟ್ಟಿಲು ಏನು ಗೊತ್ತಾ? ಎತ್ತರ ಬೇರೆ ಬೇರೆ ಇರೋ ಮೂರು ಹಳೇ ಬೆಂಚು, ಎರಡು ಸೇಬಿನ ಪೆಟ್ಟಿಗೆ. ಒಂದೇ ಬಣ್ಣ ಬಳಿದು ಮೇಲೆ ಬಿಳಿ ಪಂಚೆ ಹಾಸಿದರೆ ಐದು ಮೆಟ್ಟಿಲು. ಹಬ್ಬ ಮುಗಿದ ಮೇಲೆ ಬೆಂಚಿನ ಮೇಲೆ ಚಪ್ಪಲಿ, ಪೆಟ್ಟಿಗೆಯಲ್ಲಿ ಪುಸ್ತಕ. ಮೇಲಿನ ಮೆಟ್ಟಿಲಲ್ಲಿ ಅಮ್ಮ ರೇಷ್ಮೆ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಲ್ಲಿ ತಂದ ಪಟ್ಟದ ಗೊಂಬೆ, ರಾಜ ರಾಣಿ. ಕೆಳಗಿನವೆಲ್ಲ ಗುಡ್‌ವಿಲ್‌ನವು: ರಷ್ಯಾದ ಗೊಂಬೆಯೊಳಗಿನ ಗೊಂಬೆ, ನೀಲಿ ಬಿಳಿ ಪಿಂಗಾಣಿಯ ಡಚ್ ದಂಪತಿ. ಕ್ರಿಸ್‌ಮಸ್‌ಗೆ ಇಡೋ ಗೋದಲಿಯ ಸೆಟ್ಟು ಒಡೆದು ಬಿಡಿಬಿಡಿಯಾಗಿ ಬಂದಿರುತ್ತೆ. ಅದರ ಹಸು, ಕುರಿ, ಕುರುಬರು ನಮ್ಮನೆಯಲ್ಲಿ ಹದಿನೈದು ವರ್ಷದಿಂದ ಗೋಕುಲದಲ್ಲಿದ್ದಾರೆ. ಕತ್ತೆಯನ್ನೂ ಬಿಟ್ಟಿಲ್ಲ. ಮುಂದೆ ಪಾರ್ಕಿಗೆ ತಟ್ಟೆಯಲ್ಲಿ ಸಾಸಿವೆ ಚೆಲ್ಲಿ ಮೊಳಕೆ ಬರಿಸು, ಇಲ್ಲಿಯ ಚಳಿಗೆ ರಾಗಿ ತಡ ಮಾಡುತ್ತೆ.

ಹಾಗೇ ಹಳೇ ಸಾಮಾನಿನ ಅಂಗಡಿಯಲ್ಲಿ ಹಿತ್ತಾಳೆ ಸಾಲು ನೋಡೋದು ಮರೀಬೇಡ. ಕಪ್ಪಾದ ಒಂದು ಉರುಳಿಯಂಥ ಪಾತ್ರೆ 4 ಡಾಲರ್‌ಗೆ ತಂದು ಹುಣಸೆಹಣ್ಣಲ್ಲಿ ತಿಕ್ಕಿದರೆ ತಳದಲ್ಲಿ "ಮೇಡ್ ಇನ್ ಇಂಡಿಯಾ". ಹಿತ್ತಾಳೆ ಕೆಲಸಕ್ಕೆ ಹೆಸರಾದ ಮೊರಾದಾಬಾದ್‌ನಿಂದ ಹಡಗು ಹತ್ತಿ ಬಂದು, ಯಾರದ್ದೋ ಮನೆಯಲ್ಲಿ ಪ್ಲಾಸ್ಟಿಕ್ ಹಣ್ಣು ಹೊತ್ತುಕೊಂಡಿತ್ತೋ ಏನೋ. ಈಗ ನೀರು ತುಂಬಿ ಚೆಂಡು ಹೂವು ತೇಲಿಸ್ತೀನಿ.

ಅಕ್ಟೋಬರ್‌ನಲ್ಲಿ ಅತ್ತೆಯನ್ನ ಕರೆದುಕೊಂಡು ಸರ್ಕಲ್‌ವಿಲ್‌ಗೆ ಹೋಗು. ಕೊಲಂಬಸ್‌ನಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ. 1903ರಲ್ಲಿ ಶುರುವಾದ ಕುಂಬಳಕಾಯಿ ಜಾತ್ರೆ, ತಿಂಗಳ ಮೂರನೇ ಬುಧವಾರದಿಂದ ನಾಲ್ಕು ದಿನ. ಸಾವಿರ ಪೌಂಡ್ ದಾಟಿದ ಕಾಯಿ ನೋಡಿ ನಮ್ಮಮ್ಮ "ಇದರಲ್ಲಿ ಎಷ್ಟು ಮದುವೆಯ ಹುಳಿ ಆಗುತ್ತೆ" ಅಂದಿದ್ದರು. ಹ್ಯಾಲೊವೀನ್‌ಗೆ ಕಾಯಿ ಕೊರೆದು ಮುಖ ಮಾಡಿ ಬಾಗಿಲಲ್ಲಿ ಇಡೋದನ್ನ ಕಂಡು ಅವರಿಗೆ ವಿವರಣೆಯೇ ಬೇಕಾಗಲಿಲ್ಲ. ದೃಷ್ಟಿ ಗೊಂಬೆ ಅಂತ ಅವರೇ ಹೆಸರಿಟ್ಟರು. ಕೊರೆದ ಕಾಯಿ ವಾರದೊಳಗೆ ಕೊಳೆಯುತ್ತೆ. ಕೊರೆಯದೆ ಮೇಲೆ ಬಣ್ಣ ಬರೆದರೆ ವಾರಗಟ್ಟಲೆ ಇರುತ್ತೆ. ನಾನು ಬಿಳಿ ಕಾಯಿ ತಂದು ಕೆಮ್ಮಣ್ಣು ಬಣ್ಣದಲ್ಲಿ ಎಳೆ ರಂಗೋಲಿ ಬಿಡಿಸ್ತೀನಿ. ಪಕ್ಕದಲ್ಲಿ ಬಣ್ಣಬಣ್ಣದ ಒಣ ಜೋಳದ ತೆನೆ. ಅದಕ್ಕೆ ಇಲ್ಲಿ ಇಂಡಿಯನ್ ಕಾರ್ನ್ ಅಂತಾರೆ. ಆ ಇಂಡಿಯನ್ ನಾವಲ್ಲ, ಈ ನೆಲದ ಮೂಲದವರು. ದಾರಿಯಲ್ಲಿ ಬಕ್‌ಐ ಕಾಯಿ ಬಿದ್ದಿರುತ್ತೆ, ಈ ರಾಜ್ಯದ ಮರದ್ದು, ಪಾಲಿಶ್ ಮಾಡಿದ ಹಾಗೆ ಕಂದು ಬಣ್ಣ. ಪೋಣಿಸಿ ತೋರಣ ಮಾಡಬಹುದು, ಆದರೆ ವಿಷ, ಮಗುವಿನ ಕೈಗೆ ಎಟುಕದ ಎತ್ತರಕ್ಕೆ ಕಟ್ಟು. ಪೈನ್ ಕಾಯಿ ತಂದರೆ 200 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ ಅರ್ಧ ಗಂಟೆ ಇಡು, ಒಳಗಿನ ಹುಳ ಸಾಯುತ್ತೆ. ಪಕ್ಕದಲ್ಲೇ ನಿಂತಿರು.

ದೀಪಾವಳಿಯ ಸರ ದೀಪಕ್ಕೆ ಈ ವರ್ಷ ಪೂರ್ತಿ ಬೆಲೆ ಕೊಡಬೇಕು, ವಿಧಿಯಿಲ್ಲ. ಕ್ರಿಸ್‌ಮಸ್ ಮಾರನೇ ದಿನ, ಡಿಸೆಂಬರ್ 26ರಂದು, ಮುಂದಿನ ವರ್ಷದ್ದು ಅರ್ಧ ಬೆಲೆಗೆ ತಗೊಂಡಿಡು. ಆಕಾಶಬುಟ್ಟಿಗೆ ಕಸೂತಿ ಹಾಕೋ ಎರಡು ಬಳೆ ಚೌಕಟ್ಟು, ಬಣ್ಣದ ಟಿಶ್ಯೂ ಕಾಗದ ಸಾಕು. ಅದನ್ನ ಮಾಡೋದು ಇನ್ನೊಂದು ಸಲ ಬರೀತೀನಿ, ಇವತ್ತು ಕೈ ನೋಯ್ತಾ ಇದೆ.

ನಿನ್ನ ಮನೆ ನಮ್ಮಿಂದ ಹದಿನೈದು ನಿಮಿಷ ಅಂತ ಕಾಣುತ್ತೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ನನ್ನ ವ್ಯಾನ್ ತರ್ತೀನಿ. ಅಷ್ಟರಲ್ಲಿ ಒಂದು ಕೆಲಸ ಮಾಡಿಡು: ನಿನ್ನ ಬಾಗಿಲಿನ ಅಗಲ, ಮೆಟ್ಟಿಲು ತಿರುಗೋ ಜಾಗದ ಅಗಲ ಎರಡನ್ನೂ ಟೇಪ್ ಹಿಡಿದು ಅಳೆದು ಬರೆದುಕೋ. ನಾನು ಅಳೆಯದೆ ತಂದ ಓಕ್ ಮರದ ಬೀರು ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು, ರಾತ್ರಿ ಹನ್ನೊಂದರವರೆಗೆ ಮೇಲಿನ ಮನೆಯವರು ಅದರ ಮೇಲೆ ಹತ್ತಿ ಇಳಿದು ಓಡಾಡಿದ್ದರು.