ಕರಿನೀರಿಗೆ ಹೋದವರ ಕಾಗದಪತ್ರ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮ ಹಿರಿಯರೊಬ್ಬರಿಗೆ 1890ರ ಸುಮಾರಿಗೆ ಕರಿನೀರಿನ ಶಿಕ್ಷೆ ಆಗಿತ್ತಂತೆ. ಊರು ಧಾರವಾಡ ಜಿಲ್ಲೆ. ಅಂಡಮಾನಿನ ಸೆಲ್ಯುಲರ್ ಜೈಲಿಗೆ ಹೋಗಿ ನೋಡಿದೆ, ಅಲ್ಲಿನ ಫಲಕಗಳಲ್ಲಿ ಅವರ ಹೆಸರಿಲ್ಲ. ಮನೆಯವರು ಹೇಳುವುದು ಸುಳ್ಳಾ?

ಉತ್ತರ: ಸುಳ್ಳು ಅಂತ ಈಗಲೇ ತೀರ್ಮಾನ ಮಾಡಬೇಡಿ. 1890ರಲ್ಲಿ ಆ ಜೈಲೇ ಇರಲಿಲ್ಲ! ಕಟ್ಟಡ ಶುರುವಾಗಿದ್ದು 1896ರಲ್ಲಿ, ಮುಗಿದಿದ್ದು 1906ರಲ್ಲಿ. ಕೈದಿಗಳನ್ನು ಅಂಡಮಾನಿಗೆ ಸಾಗಿಸುವುದು ಮಾತ್ರ 1858ರಿಂದಲೇ ನಡೆದಿತ್ತು, ಮತ್ತು ಹಾಗೆ ಹೋದವರು ಬ್ಯಾರಕ್‌ಗಳಲ್ಲಿದ್ದುಕೊಂಡು ಕಾಡು ಕಡಿಯುವುದು, ರಸ್ತೆ ಹಾಕುವುದು ಇಂಥ ಕೆಲಸ ಮಾಡುತ್ತಿದ್ದರು. ಫಲಕದಲ್ಲಿರುವುದು ರಾಜಕೀಯ ಕೈದಿಗಳ ಹೆಸರು. ಕೊಲೆ, ದರೋಡೆ ಕೇಸಿನಲ್ಲಿ ಹೋದ ಸಾವಿರಾರು ಜನರನ್ನು ಯಾರು ಕಲ್ಲಿನಲ್ಲಿ ಕೆತ್ತಿಸುತ್ತಾರೆ, ಅಲ್ವಾ?

ಅಲ್ಲಿ ಪ್ರತಿ ಕೈದಿಯ ಕೊರಳಿಗೂ ಒಂದು ಮರದ ಬಿಲ್ಲೆ ಕಟ್ಟುತ್ತಿದ್ದರು. ಅದರ ಮೇಲೆ ಕೈದಿಯ ನಂಬರು, ಯಾವ ಸೆಕ್ಷನ್ನು, ಶಿಕ್ಷೆಯಾದ ತಾರೀಕು, ಬಿಡುಗಡೆಯ ತಾರೀಕು. ಆ ನಂಬರು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಆದರೆ ಅದನ್ನು ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್‌ನಲ್ಲಿ (ಈಗಿನ ಹೆಸರು ಶ್ರೀ ವಿಜಯಪುರಂ) ಹುಡುಕಿ ಪ್ರಯೋಜನ ಕಡಿಮೆ, ಯಾಕಂದ್ರೆ 1942ರಿಂದ 1945ರವರೆಗೆ ದ್ವೀಪ ಜಪಾನಿಯರ ಕೈಯಲ್ಲಿತ್ತು, ಆ ಕಾಲದಲ್ಲಿ ಅಲ್ಲಿನ ಕಡತಗಳು ಬಹಳಷ್ಟು ಹಾಳಾದವು. ಉಳಿದಿರುವುದು ಮೇಲಿನ ಸರ್ಕಾರಿ ಕಚೇರಿಗಳಿಗೆ ಕಳಿಸಿದ ಪ್ರತಿಗಳು. ಬ್ರಿಟಿಷರ ಆ ಬರೆಯುವ ಚಟವೇ ಇವತ್ತು ನಮ್ಮನ್ನು ಕಾಪಾಡುತ್ತಿರುವುದು.

ನೀವು ಶಿಕ್ಷೆ ಕೊಟ್ಟ ಕಡೆಯಿಂದ ಶುರು ಮಾಡಿ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಹಾಗಾಗಿ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ನ್ಯಾಯ ಇಲಾಖೆಯ ಸಂಪುಟಗಳನ್ನು ಕೇಳಿ. ಬಳ್ಳಾರಿ, ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು, ಆ ಕಡೆಯವರಾಗಿದ್ದರೆ ಚೆನ್ನೈನ ಪತ್ರಾಗಾರಕ್ಕೆ ಹೋಗಬೇಕಿತ್ತು. ಆಮೇಲೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಗೃಹ ಇಲಾಖೆಯ ಪೋರ್ಟ್ ಬ್ಲೇರ್ ಕಡತಗಳಿವೆ. ಅದರ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಮನೆಯಲ್ಲೇ ಕೂತು ಸೂಚಿ ಹುಡುಕಬಹುದು. ಸುಮ್ನೆ ಹೆಸರೊಂದನ್ನೇ ನಂಬಿಕೊಂಡು ಹೋಗಬೇಡಿ. ಕನ್ನಡದ ಹೆಸರನ್ನು ಗುಮಾಸ್ತರು ಕಿವಿಗೆ ಕೇಳಿದ ಹಾಗೆ ಗೀಚಿರುತ್ತಾರೆ. ತಂದೆಯ ಹೆಸರು, ಊರು, ವರ್ಷ ಇಟ್ಟುಕೊಂಡು ನೋಡಿ.

ಪ್ರಶ್ನೆ: ಸೆಲ್ಯುಲರ್ ಜೈಲಿಗೆ ಏಳು ಸಾಲು ಕಟ್ಟಡ ಇತ್ತಂತೆ, ಈಗ ಮೂರೇ ಯಾಕೆ?

ಉತ್ತರ: 1941ರ ಭೂಕಂಪದಲ್ಲಿ ಪೆಟ್ಟಾಯಿತು, ಜಪಾನಿಯರು ಇಟ್ಟಿಗೆ ಕಿತ್ತು ಬಂಕರ್ ಕಟ್ಟಿದರು, ಸ್ವಾತಂತ್ರ್ಯ ಬಂದ ಮೇಲೆ ನಮ್ಮವರೂ ಸ್ವಲ್ಪ ಕೆಡವಿದರು. ಆ ಜಾಗದಲ್ಲೇ 1963ರಲ್ಲಿ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ಬಂತು. ಅಲ್ಲಿದ್ದು ಬಂದ ಹಳೆಯ ಕೈದಿಗಳು ಗಲಾಟೆ ಮಾಡಿದ್ದರಿಂದ ಮಿಕ್ಕಿದ್ದು ಉಳಿಯಿತು, 1979ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು.